ಒಂದು ಸಲ ಅಲ್ಲ, ಮತ್ತೆ ಮತ್ತೆ ಮಾಡೋಕಾಗುತ್ತಾ ಅಂತ ಕೇಳಿ

ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆಯವರಿಗೆ, ನಮ್ಮ ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರಿಗೆ, ಮತ್ತು ಜಿಲ್ಲೆ ಜಿಲ್ಲೆಗಳಲ್ಲಿ ಕೂತು ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವ ಎಲ್ಲ ವೈದ್ಯರಿಗೆ,

ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯವಳು. ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಈಗ ಮಾಡುತ್ತಿಲ್ಲ. ನನಗೆ ಫೈಬ್ರೊಮಯಾಲ್ಜಿಯಾ ಅನ್ನುವ ಕಾಯಿಲೆ ಇದೆ. ಕುತ್ತಿಗೆ, ಭುಜ, ಸೊಂಟ, ತೊಡೆ ಎಲ್ಲ ಕಡೆ ನೋವು, ಅದು ಯಾವತ್ತೂ ಪೂರ್ತಿ ಹೋಗುವುದಿಲ್ಲ. ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ಎದ್ದಾಗ ಗದ್ದೆ ಕೆಲಸ ಮುಗಿಸಿ ಬಂದಷ್ಟು ಸುಸ್ತು. ರಕ್ತ ಪರೀಕ್ಷೆ ನಾರ್ಮಲ್, ಎಕ್ಸ್‌ರೇ ನಾರ್ಮಲ್. ಈ ಕಾಯಿಲೆಯಲ್ಲಿ ಅವು ನಾರ್ಮಲ್ ಇರುವುದೇ ರೂಢಿ, ಯಾಕೆಂದರೆ ತೊಂದರೆ ಇರುವುದು ಮೂಳೆಯಲ್ಲಲ್ಲ, ನೋವನ್ನು ಮಿದುಳಿಗೆ ಮುಟ್ಟಿಸುವ ನರವ್ಯೂಹದಲ್ಲಿ. ಇದನ್ನು ನನಗೆ ಹೇಳಿದ್ದು ದೊಡ್ಡ ಊರಿನ ಸಂಧಿವಾತ ತಜ್ಞರು. ಅಲ್ಲಿವರೆಗೂ ನನಗೆ ಸಿಗುತ್ತಿದ್ದದ್ದು ಕ್ಯಾಲ್ಸಿಯಂ ಮಾತ್ರೆ ಮತ್ತು "ಜಾಸ್ತಿ ಯೋಚನೆ ಮಾಡಬೇಡಿ" ಅನ್ನುವ ಬುದ್ಧಿಮಾತು.

ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ಸಿಗಲಿಲ್ಲ. ಅದೊಂದೇ ಕಾರಣಕ್ಕೆ ಈ ಪತ್ರ ಬರೆಯುತ್ತಿಲ್ಲ. ನನ್ನನ್ನು ನೋಡಿದ ವೈದ್ಯರು ಕೆಟ್ಟವರೇನಲ್ಲ, ಅವರ ಕೈಯಲ್ಲಿದ್ದ ನಿಯಮದ ಪ್ರಕಾರ ಅವರು ಬೇರೇನನ್ನೂ ಬರೆಯುವ ಹಾಗಿರಲಿಲ್ಲ. ಆ ನಿಯಮ ಬದಲಾಗಬೇಕು ಅಂತ ಕೇಳೋದಕ್ಕೆ ಬರೆಯುತ್ತಿದ್ದೇನೆ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ತುಂಬೋಕೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಹುಡುಗ ಸಹಾಯ ಮಾಡಿದ. ಆಧಾರ್, ಫೋಟೊ, ವಿಳಾಸ ಎಲ್ಲ ಸರಾಗವಾಗಿ ಹೋಯಿತು. ಅಂಗವೈಕಲ್ಯದ ವಿಧ ಅನ್ನೋ ಜಾಗಕ್ಕೆ ಬಂದಾಗ ಅವನ ಬೆರಳು ನಿಂತಿತು. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾರಿಸಿದ. "ಅಕ್ಕಾ, ಇದ್ರಲ್ಲಿ ನೋವು ಅಂತ ಇಲ್ಲ. ಕೈಕಾಲು ಅಂತ ಹಾಕ್ಲಾ?" ಅಂದ. ಹಾಕು ಅಂದೆ. ಹೀಗೆ ನಾನು ಚಲನವಲನದ ಅಂಗವೈಕಲ್ಯ ಇರುವವಳು ಅಂತ ಆದೆ, ಮೂಳೆ ಡಾಕ್ಟರ ಮುಂದೆ ಹೋಗಿ ನಿಂತೆ.

ಆ ದಿನ ಏನಾಯಿತು ಅಂತ ಹೇಳಬೇಕು, ಯಾಕೆಂದರೆ ನಿಯಮ ಮಾಡುವವರು ಆ ಕೋಣೆಯಲ್ಲಿ ಇರೋದಿಲ್ಲ. ಮೊದಲನೆಯದಾಗಿ, ಅಲ್ಲಿಗೆ ತಲುಪಬೇಕಾದರೆ ಬಸ್ಸಿನಲ್ಲಿ ಕೂತು ಹೋಗಬೇಕು, ಆಮೇಲೆ ಕಾರಿಡಾರಿನಲ್ಲಿ ನಿಂತು ಕಾಯಬೇಕು. ಅದಕ್ಕೋಸ್ಕರ ಹಿಂದಿನ ದಿನವೆಲ್ಲ ಏನೂ ಕೆಲಸ ಮಾಡದೆ ಮಲಗಿದ್ದೆ. ಬೆಳಿಗ್ಗೆ ಎದ್ದು ಮಾತ್ರೆ ನುಂಗಿದೆ. ತಲೆ ಬಾಚಿದ್ದು ನನ್ನ ಅಕ್ಕ. ಒಳ್ಳೆ ಸೀರೆ ಉಟ್ಟಿದ್ದೆ, ಆಸ್ಪತ್ರೆಗೆ ಹೋಗುವಾಗ ನಮ್ಮಲ್ಲಿ ಯಾರಾದರೂ ಹಾಗೇ ಅಲ್ವಾ ಹೋಗೋದು? ಡಾಕ್ಟರು ಕೈ ಮೇಲೆತ್ತಿ ಅಂದರು, ಎತ್ತಿದೆ. ಕೂತು ಏಳಿ ಅಂದರು, ಕೂತು ಎದ್ದೆ. ಅವರ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಅಂದರು, ಹಿಡಿದೆ. ಮೊಣಕಾಲಿಗೆ ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದರು. ಪವರ್ ಫೈವ್ ಬೈ ಫೈವ್ ಅಂತ ಬರೆದರು. ಅವರು ಬರೆದದ್ದು ನಿಜ, ಆ ಕ್ಷಣಕ್ಕೆ ನನ್ನ ಸ್ನಾಯುವಿನ ಶಕ್ತಿ ಐದಕ್ಕೆ ಐದೇ ಇತ್ತು.

ಆದರೆ ಅದೇ ಬೆರಳನ್ನು ಇನ್ನೊಂದು ಹತ್ತು ಸಲ ಹಿಡೀರಿ ಅಂತ ಅವರು ಕೇಳಲಿಲ್ಲ. ಮನೆಗೆ ಬಂದಮೇಲೆ ಏನಾಯಿತು ಅಂತ ಕೇಳೋಕೆ ಅವರಿಗೆ ಅವಕಾಶವೇ ಇರಲಿಲ್ಲ. ಆ ಒಂದು ಪ್ರಯಾಣಕ್ಕೆ ಮುಂದೆ ಎಷ್ಟೋ ದಿನ ನಾನು ಹಾಸಿಗೆಯಲ್ಲೇ ಇದ್ದೆ, ಸ್ನಾನಕ್ಕೆ ಬಿಸಿನೀರಿನ ಬಕೆಟ್ಟನ್ನು ಕೂಡ ಬೇರೆಯವರೇ ಒಳಗಿಟ್ಟರು. ನೀವು ನೋಡಿದ್ದು ನನ್ನ ತಿಂಗಳ ಅತ್ಯುತ್ತಮ ಗಂಟೆಯನ್ನು. ಅದೂ ಮಾತ್ರೆಯ ಬಲದ ಮೇಲೆ ನಿಂತ ಗಂಟೆ. ಅದರ ಮೇಲೆ ನನ್ನ ಇಡೀ ಬದುಕಿಗೆ ಶೇಕಡಾವಾರು ಹಾಕಲಾಯಿತು.

ನಮ್ಮ ಕೇರಿಯಲ್ಲಿ ಅಡಿಕೆ ಕೊನೆ ತೆಗೆಯುತ್ತಿದ್ದ ಒಬ್ಬರಿದ್ದಾರೆ. ಮಳೆಗಾಲದ ಹಸಿ ಮರದಿಂದ ಜಾರಿ ಬಿದ್ದರು. ಪಾದದ ಮೂಳೆ ಮುರಿದಿತ್ತು, ಕೂಡಿಕೊಂಡಿತು. ಆದರೆ ಆ ಪಾದ ಇವತ್ತಿಗೂ ಬೆಂಕಿ ತಾಗಿದ ಹಾಗೆ ಉರಿಯುತ್ತದೆ, ಹೊದಿಕೆ ತಾಗಿದರೂ ಕೂಗುತ್ತಾರೆ. ಗಾಯ ಮಾಗಿದ ಮೇಲೂ ಹೀಗೆ ಉಳಿಯುವ ನೋವಿಗೆ ವೈದ್ಯರು ಸಿಆರ್‌ಪಿಎಸ್ ಅನ್ನುತ್ತಾರೆ. ಅವರಿಗೆ ಮತ್ತೆ ಮರ ಹತ್ತೋಕೆ ಆಗಿಲ್ಲ. ಎಕ್ಸ್‌ರೇ ತೋರಿಸಿದರೆ ಮೂಳೆ ಚೆನ್ನಾಗಿ ಕೂಡಿದೆ ಅಂತಾರೆ. ಅದು ಅವರ ಪಾಲಿಗೆ ಒಳ್ಳೆ ಸುದ್ದಿ ಆಗಬೇಕಿತ್ತು, ಪ್ರಮಾಣಪತ್ರದ ವಿಷಯದಲ್ಲಿ ಅದೇ ಅಡ್ಡಗೋಡೆ ಆಯಿತು.

ಈಗ ನಿಯಮದ ಮಾತಿಗೆ ಬರುತ್ತೇನೆ. ಕೆಲಸ ಬಿಟ್ಟು ಮನೆಯಲ್ಲಿರುವವಳಿಗೆ ಓದೋಕೆ ಸಮಯ ಸಿಗುತ್ತದೆ, ಒಳ್ಳೆ ದಿನಗಳಲ್ಲಿ ಕೂತು ಓದಿದ್ದೇನೆ.

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೊಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಎಲ್ಲ ಒಳಗೆ ಬಂದವು. ಇದು ದೊಡ್ಡ ಹೆಜ್ಜೆ, ಇದಕ್ಕಾಗಿ ಹೋರಾಡಿದವರಿಗೆಲ್ಲ ನಾನು ಋಣಿ. ಅದೇ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ವಿಕಲಚೇತನ ವ್ಯಕ್ತಿ ಅಂದರೆ ಯಾರು ಅಂತ ಬರೆದಿದೆ: ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯಗಳ ಕೊರತೆ ಇದ್ದು, ಸುತ್ತಲಿನ ಅಡೆತಡೆಗಳ ಜೊತೆ ಸೇರಿ ಅದು ಸಮಾಜದಲ್ಲಿ ಎಲ್ಲರ ಸಮಾನವಾಗಿ ಪಾಲ್ಗೊಳ್ಳಲು ತಡೆಯಾಗುವಂಥವರು. ಇದನ್ನು ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಬಗ್ಗೆಯೇ ಬರೆದ ಹಾಗಿದೆ. ಪಟ್ಟಿಯಲ್ಲಿರುವ ಚಲನವಲನದ ಅಂಗವೈಕಲ್ಯದ ವಿವರಣೆ ಕೂಡ ಅಷ್ಟೇ. ಸ್ನಾಯು ಮತ್ತು ಮೂಳೆಗಳ ತೊಂದರೆಯಿಂದಲೋ, ನರವ್ಯೂಹದ ತೊಂದರೆಯಿಂದಲೋ, ಎರಡರಿಂದಲೋ ತನ್ನ ದೇಹವನ್ನು, ವಸ್ತುಗಳನ್ನು ಚಲಿಸುವ ಕೆಲಸ ಮಾಡಲಾಗದಿರುವುದು ಅಂತ ಹೇಳುತ್ತದೆ. ಮೂಳೆ ಬಾಗಿರಲೇಬೇಕು ಅಂತ ಎಲ್ಲೂ ಇಲ್ಲ.

ಹಾಗಾದರೆ ನಾವು ಹೊರಗುಳಿಯೋದು ಎಲ್ಲಿ? ಅಳತೆಯಲ್ಲಿ. ಅಂಗವೈಕಲ್ಯವನ್ನು ಹೇಗೆ ಅಳೀಬೇಕು ಅಂತ ಪ್ರತ್ಯೇಕ ಮಾರ್ಗಸೂಚಿ ಇರುತ್ತದೆ. ಈಗಿನದು 2018ರ ಜನವರಿಯಲ್ಲಿ ಬಂದು 2024ರ ಮಾರ್ಚ್‌ನಲ್ಲಿ ಪರಿಷ್ಕರಣೆಯಾಗಿದೆ. ಅದಕ್ಕೂ ಮುಂಚೆ 2001ರಲ್ಲಿ ಒಂದಿತ್ತು. ಆ 2001ರ ಮಾರ್ಗಸೂಚಿಯಲ್ಲಿ ಬೆನ್ನುಮೂಳೆಯ ಭಾಗ ತೆಗೆದು ನೋಡಿ. ನೋವು ಇದೆ ಅಂತ ರೋಗಿ ಹೇಳುತ್ತಾನೆ, ಆದರೆ ಸ್ನಾಯು ಬಿಗಿತ ಇಲ್ಲ, ರಚನೆಯಲ್ಲಿ ದೋಷ ಕಾಣುತ್ತಿಲ್ಲ ಅಂತಾದರೆ ಎಷ್ಟು ಶೇಕಡಾ ಕೊಡಬೇಕು ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. 0. ಮೇಲಿನ ಶೇಕಡಾವಾರು ಸಿಗಬೇಕಾದರೆ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಬೇಕು. ಆಮೇಲೆ ಬಂದ ಮಾರ್ಗಸೂಚಿಗಳಲ್ಲೂ ಕೈಕಾಲಿನ ಅಳತೆ ಅಂದರೆ ಮುಖ್ಯವಾಗಿ ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ ಅನ್ನೋದರ ಸುತ್ತ ಇದೆ. ಪೋಲಿಯೊ ಆದ ಕಾಲಿಗೆ, ಅಪಘಾತದಲ್ಲಿ ಹೋದ ಕೈಗೆ ಈ ಅಳತೆ ಸರಿ. ದಿನವಿಡೀ ಉರಿಯುವ ಮೈಗೆ ಇದರಲ್ಲಿ ಸರಿಯಾದ ಜಾಗ ಇಲ್ಲ.

40 ಶೇಕಡಾ ಇದ್ದರೆ ಮಾತ್ರ ಪಿಂಚಣಿ, ಮೀಸಲಾತಿ. ಪಿಂಚಣಿ ಅಂದರೆ ಎಷ್ಟು? ನಮ್ಮ ರಾಜ್ಯದಲ್ಲಿ ಕಡಿಮೆ ಪ್ರಮಾಣದ ಅಂಗವೈಕಲ್ಯ ಇರುವವರಿಗೆ ತಿಂಗಳಿಗೆ ಕೊಡುತ್ತಿದ್ದ 600 ರೂಪಾಯಿಯನ್ನು 2021ರಲ್ಲಿ 800ಕ್ಕೆ ಏರಿಸಿದರು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು 300 ರೂಪಾಯಿ, ಅದೂ 80 ಶೇಕಡಾಕ್ಕಿಂತ ಕಡಿಮೆ ಇದ್ದವರಿಗಿಲ್ಲ. 800 ರೂಪಾಯಿ ನನ್ನ ಮಾತ್ರೆಗೂ ಸಾಲೋದಿಲ್ಲ. ಹಾಗಂತ ಬೇಡ ಅನ್ನಲ್ಲ, ನಮ್ಮ ಕೇರಿಯ ಆ ಅಣ್ಣನ ಮನೆಗೆ ಅದು ತಿಂಗಳ ಅರ್ಧ ದಿನಸಿ. ಆದರೆ ನಾನು ಆ ಕಾಗದ ಕೇಳಿದ್ದಕ್ಕೆ ದೊಡ್ಡ ಕಾರಣ ಬೇರೆ.

ಕೆಲಸದಲ್ಲಿದ್ದಾಗ ನಾನು ಶಾಲೆಯವರನ್ನು ಕೇಳಿದ್ದು ಎರಡೇ ವಿಷಯ. ಒಂದು ಕುರ್ಚಿ ಕೊಡಿ, ಕೂತು ಪಾಠ ಮಾಡುತ್ತೇನೆ. ಮೇಲಿನ ಮಹಡಿಯ ತರಗತಿಗಳನ್ನು ಬೇರೆಯವರಿಗೆ ಕೊಡಿ, ಅದರ ಬದಲು ಕೆಳಗಿನ ತರಗತಿ ಎಷ್ಟು ಬೇಕಾದರೂ ತೆಗೆದುಕೊಳ್ಳುತ್ತೇನೆ. "ಅಂಗವಿಕಲರ ಕಾರ್ಡ್ ಇದೆಯಾ ಮೇಡಂ? ಇಲ್ಲ ಅಂದ್ರೆ ನಿಮಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ" ಅಂದರು. ಹದಿಹರೆಯದ ಮಕ್ಕಳ ಮುಂದೆ ಬೋರ್ಡಿಗೆ ಒರಗಿಕೊಂಡು ನಿಂತು, ಕೈ ಮೇಲೆತ್ತಿ ಬರೆಯಲಾಗದೆ ಬೋರ್ಡಿನ ಕೆಳಗಿನ ಅರ್ಧದಲ್ಲೇ ಲೆಕ್ಕ ಬಿಡಿಸುತ್ತಾ ಒಂದಷ್ಟು ಕಾಲ ತಳ್ಳಿದೆ. ಆಮೇಲೆ ನೋವಿನ ಜೊತೆ ಮರೆವೂ ಸೇರಿಕೊಂಡಿತು, ಎದುರಿಗೆ ಕೂತ ಹುಡುಗಿಯ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಬಿಟ್ಟೆ. ಒಂದು ಕುರ್ಚಿ ಸಿಕ್ಕಿದ್ದರೆ ಇವತ್ತಿಗೂ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೆ, ಪಿಂಚಣಿ ಕೇಳುತ್ತಲೇ ಇರಲಿಲ್ಲ. ಇದನ್ನು ಲೆಕ್ಕಪತ್ರ ನೋಡುವ ಅಧಿಕಾರಿಗಳು ದಯವಿಟ್ಟು ಗಮನಿಸಬೇಕು.

ಹೀಗೆ ಕೆಲಸ ಕಳೆದುಕೊಂಡ ಎಲ್ಲರನ್ನೂ ಒಂದು ಕಡೆ ಕೂರಿಸಿದರೆ ಹೆಂಗಸರೇ ಜಾಸ್ತಿ ಇರುತ್ತಾರೆ ಅಂತ ನನ್ನ ನಂಬಿಕೆ. ಫೈಬ್ರೊಮಯಾಲ್ಜಿಯಾ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚಾಗಿ ಪತ್ತೆಯಾಗುತ್ತದೆ. ಮತ್ತೆ ಹೆಂಗಸಿನ ನೋವನ್ನು ನಮ್ಮ ಮನೆಗಳಲ್ಲಿ ಯಾರು ಲೆಕ್ಕಕ್ಕಿಟ್ಟಿದ್ದಾರೆ? ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಅಂತ ಬಂಧುಗಳೇ ಆಡಿಕೊಂಡದ್ದನ್ನು ಕೇಳಿದ್ದೇನೆ. ನಾನು ಅಕ್ಕಿ ರೊಟ್ಟಿ ತಟ್ಟುತ್ತೇನೆ. ಒಂದು ತಟ್ಟುತ್ತೇನೆ, ಎರಡು ತಟ್ಟುತ್ತೇನೆ. ಮೂರನೆಯದಕ್ಕೆ ಮಣಿಕಟ್ಟು ಕಳಚಿ ಬೀಳುವ ಹಾಗಾಗುತ್ತದೆ, ಹಿಟ್ಟು ಹಾಗೇ ಬಿಟ್ಟು ಗೋಡೆಗೆ ಒರಗುತ್ತೇನೆ. ನೆಂಟರು ನೋಡುವುದು ಮೊದಲನೇ ರೊಟ್ಟಿಯನ್ನು. ಒದ್ದೆ ಬೆಡ್‌ಶೀಟ್ ಹಿಂಡೋದಂತೂ ಮರೆತೇ ಹೋಗಿದೆ, ನೀರು ಸುರಿಯುತ್ತಿದ್ದ ಹಾಗೇ ಹಗ್ಗದ ಮೇಲೆ ಹಾಕುತ್ತೇವೆ. ಇಂಥವನ್ನು ನಿಮ್ಮ ಯಾವ ಫಾರಂ ಕೂಡ ಕೇಳುವುದಿಲ್ಲ.

ನೋವನ್ನು ಅಳೆಯೋಕಾಗಲ್ಲ, ಎಲ್ಲರೂ ನೋವಿದೆ ಅಂತ ಬಂದರೆ ಏನು ಮಾಡೋದು, ನಕಲಿ ಸರ್ಟಿಫಿಕೇಟಿನ ಕಾಟ ಈಗಲೇ ಇಷ್ಟಿದೆ ಅಂತ ನೀವು ಹೇಳಬಹುದು. ಈ ಭಯ ನನಗೂ ಅರ್ಥವಾಗುತ್ತದೆ. ಸುಳ್ಳು ಪ್ರಮಾಣಪತ್ರ ತಂದು ಸೀಟು, ಕೆಲಸ ಹೊಡೆಯುವವರು ಮೊದಲು ಮೋಸ ಮಾಡುವುದು ನಮ್ಮಂಥವರಿಗೇ, ಯಾಕೆಂದರೆ ಅವರಿಂದಾಗಿ ನಿಜ ಹೇಳುವವರ ಮೇಲೂ ಅನುಮಾನ ಬೀಳುತ್ತದೆ. ಆದರೆ ಕಣ್ಣಿಗೆ ಕಾಣದ ತೊಂದರೆಯನ್ನು ಅಳೆಯುವ ಕೆಲಸ ನಿಮಗೆ ಹೊಸದಲ್ಲ. ಮಾನಸಿಕ ಕಾಯಿಲೆಯಿಂದ ಬರುವ ಅಂಗವೈಕಲ್ಯವನ್ನು ಯಾವ ಎಕ್ಸ್‌ರೇ ತೋರಿಸುತ್ತದೆ? ಅದಕ್ಕೆ ಭಾರತೀಯ ಮನೋವೈದ್ಯ ಸಂಘದವರು ಐಡಿಯಾಸ್ ಅನ್ನುವ ಅಳತೆಗೋಲು ಮಾಡಿಕೊಟ್ಟಿದ್ದಾರೆ, ಸರ್ಕಾರ ಅದನ್ನು ಒಪ್ಪಿ ಬಳಸುತ್ತಿದೆ. ಸ್ವಂತ ಆರೈಕೆ ಹೇಗೆ ನಡೆಯುತ್ತಿದೆ, ಬೇರೆಯವರ ಜೊತೆ ಒಡನಾಟ ಹೇಗಿದೆ, ಮಾತು ಮತ್ತು ಗ್ರಹಿಕೆ ಹೇಗಿದೆ, ಕೆಲಸ ಮಾಡಲು ಆಗುತ್ತದೆಯೇ ಅಂತ ನಾಲ್ಕು ವಿಷಯ ನೋಡಿ, ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಕಾಯಿಲೆ ಎಷ್ಟು ಕಾಲದಿಂದ ಇದೆ ಅನ್ನೋದನ್ನೂ ಸೇರಿಸುತ್ತಾರೆ. ಮನೆಯವರನ್ನೂ ಮಾತಾಡಿಸುತ್ತಾರೆ. ಇದೇ ಬಗೆಯ ಪ್ರಶ್ನೆಗಳನ್ನು ದೀರ್ಘಕಾಲದ ನೋವಿಗೂ ಹೊಂದಿಸುವುದು ಯಾಕೆ ಸಾಧ್ಯವಿಲ್ಲ? ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಒಂದು ಕೆಲಸ ವಹಿಸಿದರೆ ಮಾಡಿಕೊಡುವ ತಜ್ಞರಿಗೆ ಇಲ್ಲಿ ಬರವಿಲ್ಲ.

ವೈದ್ಯಶಾಸ್ತ್ರ ಈ ವಿಷಯದಲ್ಲಿ ಕಾನೂನಿಗಿಂತ ಮುಂದೆ ಹೋಗಿಬಿಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ ಐಸಿಡಿ-11, 2022ರ ಜನವರಿಯಿಂದ ಜಾರಿಗೆ ಬಂತು. ಮೂರು ತಿಂಗಳಿಗಿಂತ ಹೆಚ್ಚು ಉಳಿಯುವ ಅಥವಾ ಮರಳಿ ಬರುವ ನೋವಿಗೆ ಅದರಲ್ಲಿ ಪ್ರತ್ಯೇಕ ಸಂಕೇತವೇ ಇದೆ. ನೋವು ಎಷ್ಟು ಜೋರು, ಅದರಿಂದ ಎಷ್ಟು ಸಂಕಟ, ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಅಂತ ಮೂರನ್ನೂ ದಾಖಲಿಸುವ ವ್ಯವಸ್ಥೆಯೂ ಇದೆ. ನೋವಿನ ಅಧ್ಯಯನಕ್ಕೆ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನವನ್ನು ತಿದ್ದಿದಾಗ, ತನಗೆ ನೋವಾಗುತ್ತಿದೆ ಅಂತ ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಅಂತ ಟಿಪ್ಪಣಿ ಸೇರಿಸಿತು.

ಬೇರೆ ದೇಶಗಳಲ್ಲೂ ಈ ಪ್ರಶ್ನೆ ಬಂದಿದೆ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 2012ರಲ್ಲೇ ಫೈಬ್ರೊಮಯಾಲ್ಜಿಯಾ ಅರ್ಜಿಗಳನ್ನು ಹೇಗೆ ಪರಿಶೀಲಿಸಬೇಕು ಅಂತ ಪ್ರತ್ಯೇಕ ನಿಯಮ ಹೊರಡಿಸಿತು. ಬ್ರಿಟನ್ನಿನಲ್ಲಿ 2013ರಿಂದ ಇರುವ ಪಿಐಪಿ ಅನ್ನುವ ಭತ್ಯೆಯಲ್ಲಿ ರೋಗದ ಹೆಸರಿಗಿಂತ ಅದು ಬದುಕಿಗೆ ಒಡ್ಡುವ ತೊಂದರೆಯೇ ಮುಖ್ಯ. ಅಡುಗೆ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ನಡೆಯುವುದು ಇಂಥ ಕೆಲಸಗಳನ್ನು ನೋಡುತ್ತಾರೆ. ಒಂದು ಕೆಲಸ ನಿಮ್ಮಿಂದ ಆಗುತ್ತದೆ ಅಂತ ಬರೆಯಬೇಕಾದರೆ ಅದನ್ನು ಅಪಾಯವಿಲ್ಲದೆ, ಒಪ್ಪುವಷ್ಟು ಚೆನ್ನಾಗಿ, ಬೇಕಾದಷ್ಟು ಸಲ, ಸರಿಯಾದ ಸಮಯದೊಳಗೆ ಮಾಡಲು ಆಗಬೇಕು ಅಂತ ನಿಯಮ ಹೇಳುತ್ತದೆ. ಅಲ್ಲೂ ಅರ್ಜಿ ತಿರಸ್ಕಾರವಾಗಿ ಮೇಲ್ಮನವಿಗೆ ಅಲೆಯುವವರು ಬಹಳ ಮಂದಿ ಇದ್ದಾರೆ, ಅದೇನು ಸ್ವರ್ಗ ಅಲ್ಲ. ಆದರೂ ಆ ನಾಲ್ಕು ಷರತ್ತುಗಳನ್ನು ಓದಿದಾಗ ಅನ್ನಿಸಿತು, ಬರೆದವರು ಯಾರೋ ನೋವಿರುವವರ ಜೊತೆ ಕೂತು ಮಾತಾಡಿದ್ದಾರೆ ಅಂತ. ಬೇಕಾದಷ್ಟು ಸಲ ಅನ್ನೋ ಆ ಒಂದು ಷರತ್ತು ನಮ್ಮ ಮಾರ್ಗಸೂಚಿಗೆ ಬಂದರೂ ಸಾಕು, ನನ್ನ ಐದಕ್ಕೆ ಐದರ ಕಥೆಯೇ ಬೇರೆಯಾಗುತ್ತದೆ.

ನಮ್ಮ ಸುಪ್ರೀಂ ಕೋರ್ಟಿಗೂ ಈ ಮಾತು ಹೊಸದಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ರೈಟರ್ಸ್ ಕ್ರಾಂಪ್ ಇದ್ದ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರಿಗೆ 40 ಶೇಕಡಾ ಪಟ್ಟಿಯಲ್ಲಿ ಬರಲ್ಲ ಅಂತ ಪರೀಕ್ಷೆ ಬರೆಯಲು ಸಹಾಯಕರನ್ನು ಕೊಡಲು ನಿರಾಕರಿಸಿದ್ದರು. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅಂಥ ನೆರವು 40 ಶೇಕಡಾ ದಾಟಿದವರಿಗೆ ಮಾತ್ರ ಸೀಮಿತವಲ್ಲ, ವಿಕಲಚೇತನರೆಲ್ಲರ ಹಕ್ಕು ಅಂತ ಹೇಳಿತು. ನನ್ನ ಕುರ್ಚಿಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಆದರೆ ಹಳ್ಳಿಯ ಶಾಲೆಯ ಆಡಳಿತ ಮಂಡಳಿಗೆ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ ಕುರ್ಚಿ ಪಡೆಯುವ ಶಕ್ತಿ ಎಷ್ಟು ಜನರಿಗಿದೆ? ಅವರು ಕೇಳೋದು ಕಾರ್ಡನ್ನೇ.

ಹಾಗಾಗಿ ಕೇಂದ್ರದವರಲ್ಲಿ ನನ್ನ ಮನವಿ ಇದು. 2016ರ ಕಾಯ್ದೆಯ ಪಟ್ಟಿಯ ಕೊನೆಯಲ್ಲಿ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಇತರ ಯಾವುದೇ ವರ್ಗ ಅನ್ನುವ ಸಾಲಿದೆ. ಸಂಸತ್ತಿಗೆ ಹೋಗಬೇಕಿಲ್ಲ, ಕಾಯ್ದೆ ತಿದ್ದಬೇಕಿಲ್ಲ, ನಿಮ್ಮ ಇಲಾಖೆಯ ಅಧಿಸೂಚನೆಯಿಂದಲೇ ದೀರ್ಘಕಾಲದ ನೋವನ್ನು ಸೇರಿಸಬಹುದು. ಅದಕ್ಕೆ ಸಮಯ ಬೇಕು ಅಂತಾದರೆ, ಈಗಿರುವ ಚಲನವಲನದ ಮಾರ್ಗಸೂಚಿಯಲ್ಲೇ ನೋವಿಗೆ ಒಂದು ಭಾಗ ಬರೆಯಿರಿ. ಮೋಸದ ಭಯ ಇದ್ದರೆ ಷರತ್ತು ಬಿಗಿ ಮಾಡಿ, ನಮ್ಮ ಅಭ್ಯಂತರ ಇಲ್ಲ: ಇಂತಿಷ್ಟು ಕಾಲ ಚಿಕಿತ್ಸೆ ಪಡೆದ ದಾಖಲೆ ಕೇಳಿ, ಮೂಳೆ ಡಾಕ್ಟರ ಜೊತೆಗೆ ಸಂಧಿವಾತದ ಅಥವಾ ನೋವಿನ ಚಿಕಿತ್ಸೆಯ ತಜ್ಞರನ್ನೂ ಕೂರಿಸಿ, ಮೊದಲು ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ಆಮೇಲೆ ಮತ್ತೆ ಕರೆದು ನೋಡಿ. ಬರುತ್ತೇವೆ.

ರಾಜ್ಯದವರು ದೆಹಲಿಗಾಗಿ ಕಾಯಬೇಕಾಗಿಲ್ಲ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತಪಾಸಣೆಯ ದಿನ ಬರುವವರಿಗೆ ಕೂರೋಕೆ ಬೆಂಚು ಹಾಕಿಸಿ, ಟೋಕನ್ ಕೊಟ್ಟು ಸಮಯ ಹೇಳಿ. ಅರ್ಜಿ ತಿರಸ್ಕರಿಸಿದರೆ ಯಾವ ಕಾರಣಕ್ಕೆ ಅಂತ ಕನ್ನಡದಲ್ಲಿ ಎರಡು ಸಾಲು ಬರೆದು ಕೊಡಿ. ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು ಅನ್ನುವುದನ್ನು, ಯಾವ ಕಚೇರಿಗೆ ಹಾಕಬೇಕು ಅನ್ನುವುದನ್ನು ಅದೇ ಕಾಗದದಲ್ಲಿ ಅಚ್ಚು ಮಾಡಿಸಿ. ನನಗೆ ಅದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಯಾರೋ ಹೇಳಿ. ನಮ್ಮ ಕೇರಿಯ ಅಣ್ಣನಿಗೆ ನಾನು ಹೇಳುವವರೆಗೂ ಗೊತ್ತಿರಲಿಲ್ಲ.

ವೈದ್ಯರಲ್ಲಿ ಒಂದೇ ಕೋರಿಕೆ. ನಿಯಮ ಬದಲಾಗುವವರೆಗೂ ನೀವು ಹಾಕುವ ಅಂಕ ಬದಲಾಗದಿರಬಹುದು. ಆದರೂ "ನೋಡೋಕೆ ಚೆನ್ನಾಗೇ ಇದೀರಲ್ಲ" ಅನ್ನಬೇಡಿ. ನಿನ್ನೆ ಏನು ಮಾಡಿದಿರಿ, ಇಲ್ಲಿಂದ ಹೋದಮೇಲೆ ನಾಳೆ ಏನು ಮಾಡೋಕಾಗುತ್ತೆ ಅಂತ ಕೇಳಿ. ಬಂದ ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ನಾಳೆ ಮೇಲ್ಮನವಿಯಲ್ಲಿ ನಮಗೆ ಉಳಿಯುವ ಸಾಕ್ಷಿ ಅದೊಂದೇ.

ನಾನು ಮೇಲ್ಮನವಿ ಹಾಕುತ್ತಿದ್ದೇನೆ. ಆ ಅಣ್ಣನದ್ದೂ ನಾನೇ ಬರೆದುಕೊಡುತ್ತಿದ್ದೇನೆ, ಒಂದು ದಿನಕ್ಕೆ ಒಂದು ಪುಟದಂತೆ. ಎರಡನ್ನೂ ಈ ಪತ್ರದ ಪ್ರತಿಯ ಜೊತೆಗೆ ನಿಮಗೂ ಅಂಚೆಯಲ್ಲಿ ಕಳಿಸುತ್ತೇವೆ. ಮಾರ್ಗಸೂಚಿಯನ್ನು ಮುಂದೆ ಯಾವಾಗ ಪರಿಷ್ಕರಿಸುತ್ತೀರಿ, ಆ ಸಮಿತಿಯಲ್ಲಿ ನೋವಿರುವವರೊಬ್ಬರಿಗೆ ಜಾಗ ಇದೆಯಾ ಅನ್ನುವ ಎರಡು ಪ್ರಶ್ನೆಗೆ ಲಿಖಿತ ಉತ್ತರ ಕೊಡಿ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಗಣಿತ ಶಿಕ್ಷಕಿ